ಹೊರಗೆ ನಿಂತ ಶೆಟ್ಟರು

ಅನಂತರಾಮ ಶೆಟ್ಟರು ತೀರಿಕೊಂಡು ಎರಡು ತಿಂಗಳಾದ ಮೇಲೆ ಮನೆಗೆ ಬರಲು ಶುರು ಮಾಡಿದರು. ಇದು ನನ್ನ ಮಾತಲ್ಲ, ಅವರ ಹೆಂಡತಿ ಇಂದುಮತಿಯವರದು. ಬದುಕಿದ್ದಾಗ ಆ ಮನುಷ್ಯ ಮನೆಯಲ್ಲಿ ಕಂಡದ್ದೇ ಕಡಿಮೆ. ಇಡ್ಲಿ ಬೇಯುವ ಮೊದಲು ಹೋಟೆಲಿಗೆ ಹೋದರೆ ದೋಸೆಕಲ್ಲು ಆರಿದ ಮೇಲೆಯೇ ವಾಪಸು. ನಡುವೆ, ಊಟದ ಗಿರಾಕಿಗಳು ಕರಗಿದ ಮೇಲೆ, ಮಧ್ಯಾಹ್ನ ಒಂದು ಗಳಿಗೆ ಬಂದು ಹೋಗುತ್ತಿದ್ದರು. ಸತ್ತ ಮೇಲೂ ಆ ಶಿಸ್ತು ಬಿಟ್ಟಿರಲಿಲ್ಲವಂತೆ. ಮಧ್ಯಾಹ್ನ ಕೆಳಗೆ ಸ್ಕೂಟರ್ ನಿಲ್ಲುತ್ತದೆ, ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ ಏರುತ್ತದೆ, ಬಾಗಿಲ ಹೊರಗೆ ಬಂದು ನಿಂತುಬಿಡುತ್ತದೆ. ಬೆಲ್ ಒತ್ತುವುದಿಲ್ಲ, ಒಳಗೆ ಬರುವುದಿಲ್ಲ.

“ಒಳಗೆ ಬರ್ಲಿಕ್ಕೆ ಇವರಿಗೆ ಎಂತ ಧಾಡಿ ಅಂತ ನನಗೆ ಗೊತ್ತಾಗುದಿಲ್ಲ, ತಾರಾ,” ಎಂದು ಅವರು ನನ್ನನ್ನು ಕೇಳಿದರು. ಬಸ್ಸು ಯಾಕೆ ತಡವಾಯಿತು ಎಂದು ಕೇಳುವ ಧ್ವನಿಯಲ್ಲಿ.

ನಾನು ಅವರ ಎದುರುಮನೆಯವಳು. ಹುಟ್ಟಿ ಬೆಳೆದದ್ದು ದಾವಣಗೆರೆ. ಗಂಡನ ವಿಮಾ ಕಚೇರಿ ನಮ್ಮನ್ನು ಎತ್ತಿ ಒಗೆದದ್ದು ವಡೋದರಾದ ಕಾರೇಲಿಬಾಗಿಗೆ. ಒಂದೇ ಮೆಟ್ಟಿಲು, ಎರಡು ಬಾಗಿಲು, ಎರಡರ ಒಳಗೂ ಕನ್ನಡ. ಇಡೀ ಹೌಸಿಂಗ್ ಸೊಸೈಟಿ ನಮ್ಮೆರಡೂ ಮನೆಯನ್ನು ‘ಮದ್ರಾಸಿ’ ಎಂದು ಒಂದೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿತ್ತು. ನನಗೂ ಅದರಲ್ಲಿ ತಕರಾರು ಇರಲಿಲ್ಲ. ಕನ್ನಡದವರು ಅಂದಮೇಲೆ ಒಂದೇ ಅಲ್ಲವೇ, ಅವರ ಸಾರು ಸ್ವಲ್ಪ ಬೇರೆ, ನಮ್ಮ ರೊಟ್ಟಿ ಸ್ವಲ್ಪ ಬೇರೆ ಎಂದುಕೊಂಡಿದ್ದೆ.

ಇಂದಕ್ಕ ಎಂದು ನಾನು ಕರೆಯುತ್ತಿದ್ದ ಇಂದುಮತಿಯವರ ಊರು ಕಾರ್ಕಳದ ಹತ್ತಿರದ ಬೆಳ್ಮಣ್ಣು. ಮನೆಮಾತು ತುಳು. ಕನ್ನಡವನ್ನು ಶಾಲೆಯಲ್ಲಿ ಕಲಿತದ್ದರಿಂದ ಅದು ನನ್ನದಕ್ಕಿಂತ ಶುದ್ಧ ಎಂದು ಅವರ ಅಭಿಪ್ರಾಯ, ಅದನ್ನು ಆಗಾಗ ನನಗೆ ತಿಳಿಸುತ್ತಲೂ ಇದ್ದರು. ಮದುವೆಯಾದಾಗ ಶೆಟ್ಟರು ಅಹಮದಾಬಾದಿನ ಒಂದು ಉಡುಪಿ ಹೋಟೆಲಿನಲ್ಲಿ ಬಿಲ್ಲು ಬರೆಯುತ್ತಿದ್ದರು. ಆಮೇಲೆ ವಡೋದರಾಕ್ಕೆ ಬಂದು ಸಯಾಜಿಗಂಜಿನಲ್ಲಿ ಸ್ವಂತ ಹೋಟೆಲ್ ಹಾಕಿದರು. ಕೌಂಟರಿನಲ್ಲಿ ಕೂತದ್ದು ಶೆಟ್ಟರು, ಹೆಸರು ಬಂದದ್ದು ಶೆಟ್ಟರಿಗೆ. ಸಾಂಬಾರ್ ಪುಡಿ ಹುರಿದದ್ದು, ಇಡೀ ಬಿಲ್ಡಿಂಗನ್ನು ಸೀನಿಸಿದ್ದು ಇಂದಕ್ಕ. ಗುಜರಾತಿ ಗಿರಾಕಿಗಳು ಸಾಂಬಾರ್ ಸಿಹಿಯಿಲ್ಲ ಎಂದು ಮುಖ ಕಿವುಚಿದಾಗ ಗಂಡ ಹೆಂಡತಿ ಒಂದು ವಾರ ಮಾತು ಬಿಟ್ಟರು. ಕೊನೆಗೆ ಇಂದಕ್ಕ ಬೆಲ್ಲ ಹಾಕಲು ಒಪ್ಪಿಕೊಂಡರು, ಸಕ್ಕರೆ ಮಾತ್ರ ತನ್ನ ಹೆಣ ಬಿದ್ದ ಮೇಲೆ ಎಂದರು. ಬದುಕಿನಲ್ಲಿ ಅವರು ಮಾಡಿಕೊಂಡ ದೊಡ್ಡ ರಾಜಿ ಆ ಬೆಲ್ಲವೇ ಎಂದು ನಾನು ನಂಬಿದ್ದೆ.

ಹೋಟೆಲಿನ ಬೋರ್ಡಿನ ಮೇಲೆ ‘ಶುದ್ಧ ಶಾಕಾಹಾರಿ’ ಎಂದು ಗುಜರಾತಿಯಲ್ಲಿ, ಹೋಟೆಲಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಿತ್ತು. ಶೆಟ್ಟರ ಹಣೆಯ ಗಂಧ ನೋಡಿ ಅರ್ಧ ಸಯಾಜಿಗಂಜ್ ಅವರನ್ನು ಯಾವುದೋ ದೇವಸ್ಥಾನದ ಅರ್ಚಕರ ವಂಶದವರೆಂದು ತಿಳಿದಿತ್ತು. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ವ್ಯಾಪಾರಕ್ಕೆ ಒಳ್ಳೆಯದು. ಅವರ ಇನ್ನೊಂದು ವಿಶೇಷವೆಂದರೆ ಮಾಣಿಗಳ ಯೂನಿಫಾರಂ. ಬಟ್ಟೆ ತರಲೆಂದು ಪದೇಪದೇ ಸೂರತ್ತಿಗೆ ಹೋಗುತ್ತಿದ್ದರು. ಒಂದು ಸಲ ತಿಳಿನೀಲಿ, ಇನ್ನೊಂದು ಸಲ ಕಾಫಿ ಬಣ್ಣ, ಮತ್ತೊಂದು ಸಲ ಗೆರೆಯ ಬಟ್ಟೆ. ಪ್ಲೇಟಿನ ಅಂಚು ಒಡೆದಿದ್ದರೂ ಅಷ್ಟು ಚಂದದ ಬಟ್ಟೆ ತೊಟ್ಟ ಮಾಣಿಗಳು ಇಡೀ ಊರಿನಲ್ಲಿ ಇರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ, ಯಾರಿಗೋ ಮೂರನೆಯ ಸಲ ಸಾಂಬಾರ್ ಬಿಟ್ಟಿ ಕೊಡಬೇಡ ಎಂದು ಮಾಣಿಗೆ ಬೈಯುತ್ತ ಬೈಯುತ್ತ ಶೆಟ್ಟರು ಕೌಂಟರಿನ ಮೇಲೆ ಒರಗಿದರು. ಅಷ್ಟೇ. ಮಗ ಮನೋಜ್ ಗುಜರಾತಿಗಳಂತೆ ‘ಬೇಸಣು’ ಇಟ್ಟ. ಸಂಜೆ ಬಿಳಿ ಬಟ್ಟೆಯವರೆಲ್ಲ ಬಂದು, ಫೋಟೋದ ಮುಂದೆ ಕೈಮುಗಿದು, ಕ್ಯಾಸೆಟ್ಟಿನ ಭಜನೆ ಒಂದು ಬದಿ ಮುಗಿಯುವಷ್ಟು ಹೊತ್ತು ಕೂತು ಎದ್ದರು. ಅತ್ತವರಿಲ್ಲ, ಉಂಡವರೂ ಇಲ್ಲ. ಇಂದಕ್ಕ ಮೂಲೆಯಲ್ಲಿ ಕೂತು, ಇದು ಸಾವೋ ಸೊಸೈಟಿ ಮೀಟಿಂಗೋ ಎನ್ನುವಂತೆ ಎಲ್ಲರನ್ನೂ ನೋಡಿದರು. ಅವರ ಕಣ್ಣಿನಿಂದ ಒಂದು ಹನಿ ಬೀಳಲಿಲ್ಲ.

ಮಿಕ್ಕ ಕರ್ಮಗಳನ್ನು ಊರಿನಲ್ಲಿ ಶೆಟ್ಟರ ತಾಯಿಮನೆಯವರು ಮಾಡಿದರು. ಅವರದು ಅಳಿಯಕಟ್ಟು, ಗಂಡಸು ಸತ್ತಮೇಲೂ ತಾಯಿಯ ಮನೆಗೇ ಸೇರಿದವನು. ಆಗ ಮನೋಜನಿಗೆ ಮದುವೆ ಸೀಸನ್ನಿನ ಅಡುಗೆ ಆರ್ಡರುಗಳು, ಹೋಗಲಾಗಲಿಲ್ಲ, ಜೊತೆಯಿಲ್ಲದೆ ಇಂದಕ್ಕನೂ ಹೋಗಲಿಲ್ಲ. ಎಸ್‌ಟಿಡಿ ಫೋನಿನಲ್ಲಿ ಮಾತಾಡಿ, “ಎಲ್ಲಾ ಫಸ್ಟ್‌ಕ್ಲಾಸ್ ಆಯ್ತಂತೆ ಮಮ್ಮಿ,” ಎಂದು ವರದಿ ಒಪ್ಪಿಸಿದ. ಮಳೆ ಹಿಡಿಯುವ ಹೊತ್ತಿಗೆ ಶೆಟ್ಟರು ಮೆಟ್ಟಿಲು ಹತ್ತಲು ಶುರು ಮಾಡಿದರು.

ಇಂದಕ್ಕ ಮಧ್ಯಾಹ್ನವಾದರೆ ಬಾಗಿಲು ತೆಗೆದಿಟ್ಟು ಕೂರತೊಡಗಿದರು. ಮೊದಲು ಒಂದು ಗಂಟೆ, ಆಮೇಲೆ ಸಂಜೆವರೆಗೆ. ಊಟ ಬಿಟ್ಟರು, ಅವರ ರವಿಕೆ ತೋಳಿನಲ್ಲಿ ನೇತಾಡುವಷ್ಟು ಸೊರಗಿದರು. ತೆರೆದ ಬಾಗಿಲಿನಿಂದ ಬೀದಿನಾಯಿ ಒಳಬಂದು ಸೋಫಾದ ಮೇಲೆ ಮಲಗಿತು. ಸೊಸೈಟಿ ಸೆಕ್ರೆಟರಿ ಹರ್ಷದ್‌ಭಾಯಿ, ನೋಟೀಸ್ ಬೋರ್ಡಿಗೆ ಕಾಗದ ಅಂಟಿಸುವುದೇ ಜನ್ಮದ ಉದ್ದೇಶ ಎಂದುಕೊಂಡವರು, ಬಾಗಿಲು ಮುಚ್ಚಿಡುವ ಬಗ್ಗೆ ಎರಡು ಕಾಗದ ಅಂಟಿಸಿದರು. ಇಂದಕ್ಕ ನೋಟೀಸಿಗೂ ನಾಯಿಗೂ ಒಂದೇ ಬೆಲೆ ಕೊಟ್ಟರು.

ಮನೋಜ್ ಹೆದರಿ ಮನೋರೋಗದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದ. ಡಾಕ್ಟರು ಗುಳಿಗೆ ಬರೆದರು. ಗುಳಿಗೆ ಒಳ್ಳೆಯದೇ ಇರಬೇಕು, ನುಂಗಿದ ಇಂದಕ್ಕ ಮಧ್ಯಾಹ್ನವಿಡೀ ಗೊರಕೆ ಹೊಡೆದರು. ಎದ್ದಮೇಲೆ ಮಾತ್ರ ಮನೆ ಮೇಲೆ ಕೆಳಗಾಯಿತು.

“ನಾನು ಇಲ್ಲಿ ಕೊರಡಿನ ಹಾಗೆ ಬಿದ್ಕೊಂಡಿದ್ದೆ. ಅವರು ಬಂದು, ನಿಂತು, ಹಾಗೇ ವಾಪಸು ಹೋದ್ರು. ನಾನೇ ಕೇಳದಿದ್ರೆ ಅವರನ್ನು ಬೇರೆ ಯಾರು ಕೇಳ್ತಾರೆ?” ಎಂದು ಗುಳಿಗೆಯ ಡಬ್ಬಿಯನ್ನು ಕಿಟಕಿಯಿಂದ ಎಸೆದರು. ಅದು ಹರ್ಷದ್‌ಭಾಯಿಯ ತುಳಸಿ ಕುಂಡಕ್ಕೆ ಬಿತ್ತು.

ಆ ಡಾಕ್ಟರೇ, ಪಾಪ, ಇದು ಗುಳಿಗೆಯ ಕೆಲಸವಲ್ಲ ಎಂದು ಫತೇಗಂಜಿನ ಕಮಲಾ ಮೋಟ್ವಾನಿ ಎಂಬವರ ವಿಳಾಸ ಕೊಟ್ಟರು. ಅವರು ಔಷಧಿ ಕೊಡುವುದಿಲ್ಲ, ಮಾತಾಡಿಸುತ್ತಾರೆ ಎಂದರು. ಇಂದಕ್ಕನ ಹಿಂದಿಯಲ್ಲಿ ಎರಡು ಮೂಟೆ ಈರುಳ್ಳಿ ತರಿಸಬಹುದಿತ್ತು, ಗ್ಯಾಸಿನವನಿಗೆ ಬೈಯಬಹುದಿತ್ತು, ಗಂಡ ಸತ್ತದ್ದನ್ನು ಹೇಳಲು ಅದು ಸಾಲದು. ಮನೋಜನ ಕನ್ನಡ ಅದಕ್ಕಿಂತ ಬಡ. ಹಾಗಾಗಿ ಮಧ್ಯೆ ಕೂತು ಹಿಂದಿ ಕನ್ನಡ ಮಾಡುವ ಕೆಲಸ ನನಗೆ ಬಿತ್ತು. ನನಗೂ ಕುತೂಹಲ ಇತ್ತು, ಸುಳ್ಳು ಯಾಕೆ ಹೇಳಲಿ.

ಮೋಟ್ವಾನಿ ನನ್ನ ವಯಸ್ಸಿನವರೇ. ಮೆಡಿಕಲ್ ಶಾಪಿನ ಮೇಲೆ ಒಂದು ಕೋಣೆ, ಮೂರು ಬೆತ್ತದ ಕುರ್ಚಿ, ಒಂದು ಟೇಬಲ್ ಫ್ಯಾನು. ಮೊದಲ ದಿನ ಅವರು ಪುಸ್ತಕದಲ್ಲಿ ಓದಿದ ಉಪಾಯ ತೆಗೆದರು. ಖಾಲಿ ಕುರ್ಚಿಯೊಂದನ್ನು ಎದುರಿಗೆ ಎಳೆದು, “ನಿಮ್ಮ ಯಜಮಾನರು ಇದರಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ಹೇಳಬೇಕಾದ್ದನ್ನೆಲ್ಲ ಹೇಳಿ,” ಎಂದರು. ನಾನು ಗಂಭೀರವಾಗಿ ಕನ್ನಡ ಮಾಡಿದೆ.

ಇಂದಕ್ಕ ಕುರ್ಚಿಯನ್ನೂ ಮೋಟ್ವಾನಿಯವರನ್ನೂ ಸರದಿಯಲ್ಲಿ ನೋಡಿದರು. “ಇವರಿಗೆ ಎಂತ ಮರುಳು ಮಾರಾಯ್ತಿ? ಮನೆ ಬಾಗಿಲಿಗೆ ಬಂದವರು ಒಳಗೆ ಕಾಲಿಡುದಿಲ್ಲ ಅಂತ ನಾನು ಹೇಳ್ತಾ ಇದ್ದೇನೆ. ಅವರು ಇಲ್ಲಿ ಫತೇಗಂಜಿಗೆ ಬಂದು ಇವರ ಕುರ್ಚಿಯಲ್ಲಿ ಕೂರ್ತಾರಾ?”

ಇದನ್ನು ಹಿಂದಿಗೆ ಹಾಕುವಾಗ ‘ಮರುಳು’ ಎಂಬುದನ್ನು ನುಂಗಿದೆ. ಮೋಟ್ವಾನಿ ಒಂದು ಕ್ಷಣ ಪೆಚ್ಚಾದರು. ಆಮೇಲೆ ನಕ್ಕು, ಖಾಲಿ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಇಟ್ಟರು. “ಸರಿ. ಅವರು ಬರುತ್ತಾರೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಯಾಕೆ ಒಳಗೆ ಬರುವುದಿಲ್ಲ, ಅದನ್ನು ಹೇಳಿ. ನಿಮ್ಮಲ್ಲಿ ಸತ್ತವರು ಒಳಗೆ ಬರುವುದು ಹೇಗೆ?”

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೂಡ. ಇಂದಕ್ಕ ಸೆರಗು ಸರಿಮಾಡಿ ನೆಟ್ಟಗೆ ಕೂತರು.

ಅವರಲ್ಲಿ ಸತ್ತವರನ್ನು ‘ಒಳಗೆ ಕರೆಯುವುದು’ ಎಂದು ಒಂದು ಪದ್ಧತಿಯಂತೆ. ಕರ್ಮವೆಲ್ಲ ಮುಗಿದ ಮೇಲೆ, ಹೊರಗೆಲ್ಲೋ ಅಲೆಯುತ್ತಿರುವ ಜೀವವನ್ನು ಮನೆಯವರು ಅಂಗಳದಲ್ಲಿ ನಿಂತು ಒಳಗೆ ಬಾ ಎಂದು ಕರೆಯುತ್ತಾರೆ. ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿ, ಮನೆಮಂದಿ ಹೊರಗೆ ಕಾಯುತ್ತಾರೆ. ಉಂಡರೆ ಆ ಜೀವ ಮನೆಯದಾಯಿತು, ಹಿರಿಯರ ಸಾಲಿಗೆ ಸೇರಿತು. ನನಗೆ ಇದು ಹೊಸದು. ನಾವು ಲಿಂಗಾಯತರು, ನಮ್ಮಲ್ಲಿ ಸತ್ತವರು ಶಿವನಲ್ಲಿ ಐಕ್ಯರಾಗುತ್ತಾರೆ, ಆಮೇಲೆ ಊಟಕ್ಕೆ ಬರುವುದಿಲ್ಲ. ಬಂದರೆ ನಮ್ಮತ್ತೆ ಅಡುಗೆ ಸರಿಯಿಲ್ಲ ಎಂದು ಇನ್ನೂ ಬೈಯುತ್ತಿದ್ದರು.

“ಹಾಗಾದರೆ ಊರಿನಲ್ಲಿ ಕರೆದಿದ್ದಾರಲ್ಲ?” ಎಂದು ಮೋಟ್ವಾನಿ ಕೇಳಿದರು.

“ಕರೆದದ್ದು ಹೌದು. ಆ ಮನೆಗೆ ಅವರು ಬದುಕಿರುವಾಗಲೇ ಹೋಗ್ತಿರ್ಲಿಲ್ಲ, ಸೋದರಮಾವನ ಹತ್ರ ಜಗಳ ಮಾಡಿ ಬಿಟ್ಟದ್ದು. ಅದೂ ಹೋಗ್ಲಿ. ಎಲೆಯಲ್ಲಿ ಬಡಿಸಿದ್ದು ಎಂತ? ಗುಳ್ಳಬದನೆಯ ಪಲ್ಯ, ಪಾಯಸ, ಸೌತೆಕಾಯಿ ಹುಳಿ! ಅದು ಮನುಷ್ಯ ತಿನ್ನುವ ಎಲೆಯಾ, ದನ ತಿನ್ನುವ ಎಲೆಯಾ?”

“ಯಾಕೆ, ಎಲ್ಲಾ ಛಲೋನೇ ಐತಲ್ರೀ ಅಕ್ಕಾ,” ಎಂದೆ ನಾನು ನಡುವೆ. ಕನ್ನಡ ಮಾಡುವವರು ಸ್ವಂತ ಮಾತಾಡಬಾರದು ಎಂದು ಮೋಟ್ವಾನಿ ಮೊದಲೇ ಹೇಳಿದ್ದರು.

“ಅದರಲ್ಲಿ ಏನು ಇರಲಿಲ್ಲ?” ಮೋಟ್ವಾನಿ ಕೇಳಿದರು.

ಇಂದಕ್ಕ ಬಾಯಿ ತೆರೆದರು, ನನ್ನ ಮುಖ ನೋಡಿದರು, ಬಾಯಿ ಮುಚ್ಚಿದರು. “ಏನಿಲ್ಲ. ಉಪ್ಪಿನಕಾಯಿ ಇರ್ಲಿಲ್ಲ,” ಎಂದರು. ನಾನು ಅದನ್ನೂ ಶ್ರದ್ಧೆಯಿಂದ ಹಿಂದಿ ಮಾಡಿದೆ. ಮೋಟ್ವಾನಿ ಮಾತ್ರ ಆ ನೋಟವನ್ನು ಹಿಡಿದಿದ್ದರು. ಪೆನ್ನು ಕೆಳಗಿಟ್ಟು, “ತಾರಾಬೆನ್, ಕೆಳಗೆ ಒಳ್ಳೆಯ ಚಹಾ ಸಿಗುತ್ತದೆ. ಕುಡಿದು ಬನ್ನಿ,” ಎಂದರು. ನನ್ನನ್ನು ಹೊರಗೆ ಹಾಕಿದ್ದು ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಸಿಟ್ಟಿನಿಂದಲೇ ಇಳಿದೆ. ನಾನಿಲ್ಲದೆ ಇವರಿಬ್ಬರು ಏನು ಮಾತಾಡುತ್ತಾರೆ, ಈರುಳ್ಳಿ ಮೂಟೆಯ ಬಗ್ಗೆಯೇ?

ಚಹಾ ಕುಡಿದು ಬಂದು ಬಾಗಿಲ ಸಂದಿಯಲ್ಲಿ ನೋಡಿದೆ. ಇಂದಕ್ಕ ಬಲಗೈಯನ್ನು ಅಲೆ ಅಲೆಯಾಗಿ ಈಜಿಸುತ್ತಿದ್ದರು. ಮೋಟ್ವಾನಿ ಎರಡೂ ಕೈ ಅಗಲಿಸಿ ಗಾತ್ರ ತೋರಿಸುತ್ತಿದ್ದರು. “ಇತ್ನಾ ಬಡಾ ಪಲ್ಲಾ! ಮೇರೀ ದಾದೀ!” ಎಂದು ಅವರು. “ಬಡಾ ನಕ್ಕೋ! ಛೋಟಾ! ಬಂಗುಡೆ! ಮಸಾಲಾ ಲಗಾಯಾ, ಚೊಂಯ್!” ಎಂದು ಇವರು. ಇಬ್ಬರೂ ನಗುತ್ತಿದ್ದರು. ಶೆಟ್ಟರು ಸತ್ತಮೇಲೆ ಇಂದಕ್ಕ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಕನ್ನಡ ಬಾರದವರ ಹತ್ತಿರ, ನನ್ನನ್ನು ಹೊರಗೆ ನಿಲ್ಲಿಸಿ. ನನಗೆ ಹೊಟ್ಟೆಯುರಿಯಿತು.

ಮೋಟ್ವಾನಿ ಸಿಂಧಿ, ಸಿಂಧಿಗಳಿಗೆ ಮೀನು, ಅದರಲ್ಲೂ ಪಲ್ಲಾ ಮೀನು, ಪ್ರಾಣವಂತೆ. ಮೋಟ್ವಾನಿಯವರ ಅಜ್ಜಿ ದೇಶ ಒಡೆದಾಗ ಸಿಂಧ್ ಬಿಟ್ಟು ಬಂದು, ಹೊಸ ಊರಿನವರ ಮೂಗಿಗೆ ಹೆದರಿ, ಭರೂಚಿನಿಂದ ತರಿಸಿದ ಮೀನನ್ನು ಬಾಗಿಲು ಹಾಕಿಕೊಂಡು ಬೇಯಿಸುತ್ತಿದ್ದರಂತೆ. ಇಂದಕ್ಕ ‘ದನ ತಿನ್ನುವ ಎಲೆ’ ಎಂದಾಗಲೇ ಅವರಿಗೆ ವಾಸನೆ ಬಡಿದಿತ್ತು.

ವಾಪಸು ಬರುವಾಗ ರಿಕ್ಷಾದಲ್ಲಿ ಇಂದಕ್ಕ ನನಗೂ ಹೇಳಿದರು. ಹೇಳುವಾಗ ಹೊರಗೆ ನೋಡುತ್ತಿದ್ದರು. ಸೂರತ್ತಿನ ಉಧ್ನಾದಲ್ಲಿ ಗಂಗೊಳ್ಳಿಯ ಗಣಪತಿ ಖಾರ್ವಿ ಎಂಬವರದು ಒಂದು ಮೆಸ್ ಇದೆ. ಮಗ್ಗದ ಕೆಲಸದ ಒರಿಸ್ಸಾದವರಿಗೆ ಅನ್ನ, ಮೀನು. ಶೆಟ್ಟರು ಯೂನಿಫಾರಂ ಬಟ್ಟೆಯ ನೆಪದಲ್ಲಿ ಹೋಗುತ್ತಿದ್ದದ್ದು ಅಲ್ಲಿಗೆ. ಅಲ್ಲಿ ಉಂಡು, ಹುರಿದ ಬಂಗುಡೆ ಮೀನನ್ನು ಬಟ್ಟೆಯ ಕಟ್ಟಿನೊಳಗೆ ಅಡಗಿಸಿ ತರುತ್ತಿದ್ದರು. ಮಾರನೆಯ ಮಧ್ಯಾಹ್ನ, ಮಗ ಶಾಲೆಯಲ್ಲಿರುವಾಗ, ಕಿಟಕಿ ಮುಚ್ಚಿ, ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿ, ಗಂಡ ಹೆಂಡತಿ ಅಡುಗೆಮನೆಯ ನೆಲದಲ್ಲಿ ಕೂತು ತಿನ್ನುತ್ತಿದ್ದರು. ಇಡೀ ಸೊಸೈಟಿ ಶೆಟ್ಟರ ಮನೆಯಲ್ಲಿ ದಿನವಿಡೀ ಪೂಜೆ ಎಂದು ಹೊಗಳುತ್ತಿತ್ತು.

ನನ್ನ ತಲೆಯಲ್ಲಿ ಮೊದಲು ಬಂದದ್ದು ಕರುಣೆಯಲ್ಲ, ಬಾಣಲೆ. “ಅಕ್ಕಾ! ನಾನು ನಿಮ್ಮನ್ಯಾಗ ಎಷ್ಟ್ ಸಲ ಬಜ್ಜಿ ತಿಂದೀನಿ! ಅದಾ ಬಾಣಲಿಯೇನ್ರೀ?”

“ಹುರಿದದ್ದೇ ಬರ್ತಿತ್ತು ಮಾರಾಯ್ತಿ, ಬಾಣಲೆ ಮುಟ್ಟಿದ್ದೇ ಇಲ್ಲ. ಬಾಳೆಲೆಯಲ್ಲಿ ತಿಂದು ಎಲೆಯನ್ನು ಸ್ಟೇಷನ್ನಿನ ತೊಟ್ಟಿಗೆ ಹಾಕಿ ಬರ್ತಿದ್ರು.”

“ನನಗರ ಹೇಳಬಾರದಿತ್ತೇನ್ರೀ?”

“ಮೊಟ್ಟೆ ಹಾಕಿದ ಕೇಕಿನ ವಾಸನೆಗೇ ವಾಂತಿ ಬರ್ತದೆ ಅಂದವರು ನೀವು. ನಿಮಗೆ ಎಂತ ಹೇಳುದು? ಇದ್ದ ಒಂದು ಕನ್ನಡ ಬಾಗಿಲೂ ಮುಚ್ಚಿ ಹೋಗ್ತಿತ್ತು.”

ನಾನು ಬಾಗಿಲು ಮುಚ್ಚುವವಳಲ್ಲ ಎಂದು ಹೇಳಬಹುದಿತ್ತು, ಆದರೆ ಆ ಬಾಣಲೆ ಇನ್ನೂ ಕಣ್ಣ ಮುಂದಿತ್ತು.

ಹೀಗೆ ಶೆಟ್ಟರು ಹೊರಗೆ ನಿಂತ ಕಾರಣ ಗೊತ್ತಾಯಿತು. ಊರಿಗೆ ಫೋನು ಮಾಡಿ ‘ಪಪ್ಪಾ ಪ್ಯೂರ್ ವೆಜ್, ಎಲೆಗೆ ಮೀನು ಗೀನು ಹಾಕಬೇಡಿ’ ಎಂದು ಖಡಕ್ಕಾಗಿ ಹೇಳಿದ್ದು ಮನೋಜ್. ಅವನ ತಪ್ಪೇನು? ಹುಟ್ಟಿದಾಗಿನಿಂದ ಅವನು ಕಂಡದ್ದು ಆ ಬೋರ್ಡು ಮತ್ತು ಊದುಬತ್ತಿ. ಅವನು ನಿಜವಾಗಿಯೂ ಶಾಕಾಹಾರಿ. ಈರುಳ್ಳಿ ತಿನ್ನುವುದಕ್ಕೂ ಚಾತುರ್ಮಾಸದಲ್ಲಿ ಹಿಂದೆಮುಂದೆ ನೋಡುವಷ್ಟು.

ಮುಂದಿನ ವಾರ ಮೋಟ್ವಾನಿ ಅವನನ್ನೂ ಕರೆಸಿದರು. ಇಂದಕ್ಕ ತಾವೇ ಹೇಳಿದರು. ಮನೋಜ್ ಮೊದಲು ನಕ್ಕ. “ಪಪ್ಪಾ? ಫಿಶ್? ಮಮ್ಮಿ, ಮಜಾಕ್ ಮಾಡ್ಬೇಡಿ.” ಯಾರೂ ನಗದೇ ಇದ್ದಾಗ ಅವನ ಮುಖ ಸಪ್ಪಗಾಯಿತು. ಆಮೇಲೆ ಕೆಂಪಾಯಿತು.

“ಆರನೇ ಕ್ಲಾಸಲ್ಲಿ ಒಬ್ಬ ನನಗೆ ಹೇಳಿದ, ನೀವು ಮದ್ರಾಸಿ ಲೋಗ್ ಮೀನು ತಿಂತೀರಿ, ನಿಮ್ಮ ಮೈ ವಾಸನೆ ಅಂತ. ನಾನು ಅವನ ಮೂಗು ಒಡೆದೆ. ಖೂನ್ ಬಂತು. ಪ್ರಿನ್ಸಿಪಾಲ್ ಪಪ್ಪನ್ನ ಕರೆದ್ರು. ನಾನು ಎಲ್ಲರ ಮುಂದೆ ಹೇಳಿದೆ, ನಮ್ಮ ಪಪ್ಪಾ ಪ್ಯೂರ್ ವೆಜ್ ಅಂತ. ಪಪ್ಪಾ ಚುಪ್‌ಚಾಪ್ ನಿಂತಿದ್ರು. ಒಂದು ಮಾತು ಹೇಳ್ಲಿಲ್ಲ!” ಎಂದ. ಇಪ್ಪತ್ತಾರು ವರ್ಷದ ಗಂಡಸು, ಗಡ್ಡ ಮೀಸೆ ಬೇರೆ, ಆರನೇ ಕ್ಲಾಸಿನ ಹುಡುಗನಂತೆ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡ. “ನಾನು ಸುಳ್ಳಿಗೋಸ್ಕರ ಹೊಡೆದೆನಾ? ಹಾಗಾದ್ರೆ ನಾನು ಯಾರು ಮಮ್ಮಿ? ಶೆಟ್ಟಿನಾ, ಗುಜರಾತಿನಾ, ಏನು?”

ಮೋಟ್ವಾನಿ ನನಗೆ ಗೊತ್ತಿಲ್ಲ ಎಂದರು. ಅದು ಅವರ ಬಗ್ಗೆ ನನಗೆ ಹಿಡಿಸಿದ ಗುಣ. ಫೀಸು ತೆಗೆದುಕೊಂಡೂ ಗೊತ್ತಿಲ್ಲ ಎನ್ನುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. “ಇದನ್ನು ಇವತ್ತೇ ತೀರ್ಮಾನಿಸಬೇಕಾಗಿಲ್ಲ. ನಿಮ್ಮ ತಾಯಿಗೆ ಒಂದು ಕೆಲಸ ಬಾಕಿ ಇದೆ, ಅದು ಮಾತ್ರ ಬೇಗ ಆಗಬೇಕು. ಅ‍ವರು ಊಟ ಮಾಡುತ್ತಿಲ್ಲ,” ಎಂದಷ್ಟೇ ಹೇಳಿದರು.

ಇಂದಕ್ಕ ಮಗನಿಗೆ ಹೇಳಿದರು, “ಬರುವ ಭಾನುವಾರ ಮಧ್ಯಾಹ್ನ ಪಪ್ಪನನ್ನು ನಮ್ಮನೆಗೆ ಕರೆಯುದು. ಬಂಗುಡೆ ಉಧ್ನಾದಲ್ಲಿ ಸಿಗ್ತದೆ. ತಂದ್ರೆ ತಾ. ನಿನಗೆ ಆಗುದಿಲ್ಲ ಅಂದ್ರೆ ಬೇಡ. ಬಂಗುಡೆ ಇಲ್ಲದೆ ನಾನು ಕರೆಯುದಿಲ್ಲ, ಒಮ್ಮೆ ಆದ ಅವಮಾನ ಸಾಕು.”

ಮನೋಜ್ ಎದ್ದು ಹೋದ. ಆ ವಾರವೆಲ್ಲ ತಾಯಿ ಮಗನ ನಡುವೆ ಮಾತಿಲ್ಲ. ಮೋಟ್ವಾನಿ ಭರೂಚಿನ ಪಲ್ಲಾ ತರಿಸಿಕೊಡುತ್ತೇನೆಂದರು. ಅದರಲ್ಲಿ ಮುಳ್ಳು ಜಾಸ್ತಿ, ಶೆಟ್ಟರಿಗೆ ತಾಳ್ಮೆ ಕಡಿಮೆ ಎಂದು ಇಂದಕ್ಕ ಬೇಡವೆಂದರು.

ಭಾನುವಾರ ಬೆಳಗಾಗುವ ಮೊದಲೇ ಮನೋಜ್ ಮನೆಯಿಂದ ಹೋಗಿದ್ದ. ಹೋಟೆಲಿನಲ್ಲೂ ಇರಲಿಲ್ಲ. ಇಂದಕ್ಕ ಕುಚ್ಚಲಕ್ಕಿ ಅನ್ನ ಬೇಯಿಸಿದರು, ಪದ್ಧತಿಯ ಕೋಳಿ ಬೇಡ ಎಂದು ಅವರೇ ನಿರ್ಧರಿಸಿದ್ದರು, ಸೊಸೈಟಿಯ ತಾಳ್ಮೆಗೂ ಒಂದು ಮಿತಿ ಇದೆ ಎಂದು. ನಾನು ಮಾರ್ಕೆಟ್ಟಿನಿಂದ ಬಾಳೆಲೆ ತಂದೆ. ಒಳಕೋಣೆಯಲ್ಲಿ ಫೋಟೋದ ಮುಂದೆ ಎಲೆ ಹಾಕಿ ಬಡಿಸಿದರು. ಬಲಗಡೆ ಅಂಗೈ ಅಗಲದ ಜಾಗ ಖಾಲಿ ಬಿಟ್ಟರು. ಅಂಗಳವಿಲ್ಲದ ಮನೆ, ಹಾಗಾಗಿ ಮುಂಬಾಗಿಲು ಓರೆ ಮಾಡಿ, ಒಳಗೆ ಕೂತೆವು. “ತರದಿದ್ರೆ ಇನ್ನು ಕರೆಯುವವರು ಯಾರೂ ಇಲ್ಲ ತಾರಾ. ಅವರು ಅಲ್ಲೇ ನಿಲ್ಬೇಕು. ನಾನು ಸತ್ತ ಮೇಲೆ ಮೆಟ್ಟಿಲಲ್ಲಿ ಯಾರಿರ್ತಾರೆ ಅವರಿಗೆ?” ಎಂದರು. ನನಗೆ ದುಃಖ ಬಂತು. ಆ ಹೊತ್ತು ನನ್ನಲ್ಲಿ ಮೀನು ಇದ್ದಿದ್ದರೆ ಶಿವನಾಣೆ ನಾನೇ ಹುರಿದುಬಿಡುತ್ತಿದ್ದೆ.

ಕೆಳಗೆ ಸ್ಕೂಟರ್ ನಿಂತಿತು.

ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ. ಈ ಸಲ ನನಗೂ ಕೇಳಿಸಿತು. ಸತ್ತವರು ಊಟಕ್ಕೆ ಬರುವುದಿಲ್ಲ ಎನ್ನುವ ನಮ್ಮ ಮತವೆಲ್ಲ ಎಲ್ಲಿ ಹೋಯಿತೋ, ನನ್ನ ಕೈಯ ರೋಮ ನೆಟ್ಟಗೆ ನಿಂತವು. ಸಪ್ಪಳ ಏರಿತು, ಬಾಗಿಲ ಹೊರಗೆ ಬಂದು ನಿಂತಿತು. ಬೆಲ್ ಇಲ್ಲ.

ಇಂದಕ್ಕ ಎದ್ದು ನಿಂತು, ಬಾಗಿಲ ಕಡೆ ಮುಖ ಮಾಡಿ, ತುಳುವಿನಲ್ಲಿ ಕರೆದರು. “ಉಳಾಯಿ ಬಲೆ.” ಒಳಗೆ ಬನ್ನಿ ಎಂದು. ಯಾರೂ ಬರಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಕರೆದರು.

“ಮಮ್ಮಿ,” ಎಂದು ಹೊರಗಿನಿಂದ ಮನೋಜನ ದನಿ ಬಂತು. “ಚಪ್ಪಲಿ ಹೊರಗೇ ಬಿಡ್ಲಾ? ಇದರ ಮೇಲೆ ಮೀನಿನ ಎಣ್ಣೆ ಬಿದ್ದಿದೆ.”

ಟಿಫಿನ್ ಕ್ಯಾರಿಯರನ್ನು ಸತ್ತ ಇಲಿಯ ಹಾಗೆ ಮೈಯಿಂದ ದೂರ ಹಿಡಿದು ನಿಂತಿದ್ದ. ಮುಖ ಬಿಳಿಚಿತ್ತು. ಸೂರತ್ತಿನಿಂದ ಬರುವಾಗ ರೈಲಿನಲ್ಲಿ ಅವನ ಬೆಂಚಿನ ಮೇಲಿದ್ದವರೆಲ್ಲ ಎದ್ದು ಹೋದರಂತೆ, ಅಂಕ್ಲೇಶ್ವರದ ಹತ್ತಿರ ಅವನೇ ಒಮ್ಮೆ ವಾಂತಿ ಮಾಡಿಕೊಂಡನಂತೆ. ಒಳಗೆ ಬಂದು ಕ್ಯಾರಿಯರನ್ನು ತಾಯಿಯ ಕೈಗೆ ಕೊಟ್ಟ.

“ಖಾರ್ವಿ ಅಂಕಲ್ ಹೇಳಿದ್ರು, ಪಪ್ಪಾ ಅಲ್ಲಿ ಪೂರ್ತಿ ತಿಂತಿರ್ಲಿಲ್ಲ ಅಂತೆ. ಆಧಾ ತಿಂದು ಆಧಾ ಕಟ್ಟಿಸ್ತಿದ್ರು. ಅವಳು ನನಗಿಂತ ಜಾಸ್ತಿ ಉಪವಾಸ ಇದ್ದಾಳೆ, ನಾನಾದ್ರೂ ಇಲ್ಲಿಗೆ ಬರ್ತೇನೆ, ಅವಳಿಗೆ ಯಾರಿದ್ದಾರೆ ಅಂತ ಹೇಳ್ತಿದ್ರು ಅಂತೆ.”

ಇಂದಕ್ಕ ಅತ್ತರು. ಬೇಸಣಿನಲ್ಲಿ ಅಳದವರು, ಗುಳಿಗೆಗೆ ಅಳದವರು, ಕ್ಯಾರಿಯರನ್ನು ಎದೆಗೆ ಒತ್ತಿಕೊಂಡು ಬಾಯಿಬಿಟ್ಟು ಅತ್ತರು. ಮಗ ಏನು ಮಾಡಬೇಕೆಂದು ತಿಳಿಯದೆ ಅವರ ಬೆನ್ನು ಸವರುತ್ತ ನಿಂತ. ನಾನೂ ಅತ್ತೆ, ಅರ್ಧ ದುಃಖಕ್ಕೆ, ಅರ್ಧ ಆ ವಾಸನೆಗೆ.

ಮನೋಜ್ ತಾನೇ ಎಲೆಯ ಮೇಲೆ ಬಂಗುಡೆ ಇಟ್ಟ. ಕೋಣೆಯ ಬಾಗಿಲು ಎಳೆದು, ಮೂವರೂ ಹೊರಗೆ ನೆಲದ ಮೇಲೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಇಂದಕ್ಕ ಬಾಗಿಲು ತಟ್ಟಿ ತೆರೆದು, ಆ ಎಲೆಯ ಮುಂದೆಯೇ ಕೂತು ಉಣ್ಣತೊಡಗಿದರು. ಎಷ್ಟು ದಿನಗಳ ಹಸಿವೋ. ಮನೋಜ್ ತಿನ್ನಲಿಲ್ಲ, ತಿನ್ನು ಎಂದು ಅವರು ಹೇಳಲೂ ಇಲ್ಲ. ಅವನು ಪಕ್ಕದಲ್ಲಿ ಕೂತು ಅನ್ನ ಬಡಿಸಿದ. ಖಾರ್ವಿ ಉಪ್ಪು ಜಾಸ್ತಿ ಹಾಕಿದ್ದಾನೆ ಎಂದು ಅವರು ಬೈದರು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಹರ್ಷದ್‌ಭಾಯಿ. ಮೂಗಿಗೆ ಕರವಸ್ತ್ರ. ಊದುಬತ್ತಿ ಹಚ್ಚುವುದನ್ನು ಆವತ್ತು ಎಲ್ಲರೂ ಮರೆತಿದ್ದೆವು, ವಾಸನೆ ಮೆಟ್ಟಿಲಿಳಿದು ಅವರ ಮನೆಗೆ ಹೋಗಿತ್ತು. “ಮನೋಜ್‌ಭಾಯ್, ಆ ಶೇನೀ ವಾಸ್ ಛೇ?” ಎಂದು ಗುಡುಗಿದರು. ಇದು ಎಂಥ ವಾಸನೆ ಎಂದು.

ಹೋಟೆಲು, ಬೋರ್ಡು, ಮನೆ, ಎಲ್ಲ ಈ ಒಂದು ಉತ್ತರದ ಮೇಲೆ ನಿಂತಿತ್ತು. ಇಂದಕ್ಕನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಮನೋಜ್ ಎದ್ದು ಬಾಗಿಲಿಗೆ ಹೋದ. ಸುಳ್ಳು ಹೇಳುತ್ತಾನೆ ಎಂದುಕೊಂಡೆ, ಹೇಳಿದರೂ ನಾನು ತಪ್ಪೆನ್ನುತ್ತಿರಲಿಲ್ಲ.

“ಪಪ್ಪಾ ಆವ್ಯಾ ಛೇ,” ಎಂದ. ಪಪ್ಪಾ ಬಂದಿದ್ದಾರೆ ಎಂದು, ತನಗೆ ಚೆನ್ನಾಗಿ ಬರುವ ಭಾಷೆಯಲ್ಲಿ.

ಹರ್ಷದ್‌ಭಾಯಿ ಅವನ ಭುಜದ ಮೇಲಿಂದ ಒಳಗೆ ನೋಡಿದರು. ಫೋಟೋ, ಎಲೆ, ಎಲೆಯ ಮೇಲಿನ ಮೀನಿನ ತಲೆ, ಅತ್ತು ಊದಿದ ಕಣ್ಣಿನ ಇಂದಕ್ಕ. ಕರವಸ್ತ್ರ ಮೂಗಿನಿಂದ ಇಳಿಯಲಿಲ್ಲ. ಅದರೊಳಗಿನಿಂದಲೇ, “ಹಾಗಾದರೆ ಇನ್ನಾದರೂ ಬಾಗಿಲು ಹಾಕಿಕೊಳ್ಳಿ,” ಎಂದು ಗುಜರಾತಿಯಲ್ಲಿ ಗೊಣಗಿ ಮೆಟ್ಟಿಲಿಳಿದು ಹೋದರು.

ಇಂದಕ್ಕ ಎಂಜಲು ಕೈಯಲ್ಲೇ ಎದ್ದು ಹೋಗಿ, ಮೊಣಕೈಯಿಂದ ತಳ್ಳಿ ಬಾಗಿಲು ಹಾಕಿದರು.